ಪುಟಕ್ಕೊಬ್ಬ ಎರಡನೆಯ ಓದುಗ

ವಚನ ಸಾಹಿತ್ಯದ ಸಂಗ್ರಹಕ್ಕಾಗಿ ಬಾಳನ್ನೇ ತೆತ್ತ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ರಂದು. ಲೇಖಕನು ಕಾಲವಾದ ಮರುವರ್ಷದಿಂದ ಎಣಿಸಿ ಅರುವತ್ತು ವರ್ಷ ಕಳೆದ ಮೇಲೆ, ಅವನ ಕಾಲದಲ್ಲಿ ಪ್ರಕಟವಾದ ಬರಹಗಳು ಸರ್ವರ ಸೊತ್ತಾಗುತ್ತವೆಂಬುದು ನಮ್ಮ ದೇಶದ ಕಾಯಿದೆ. ಆ ಲೆಕ್ಕದಂತೆ 2025ರ ಜನವರಿ 1ರಿಂದ ಅವರ ಗ್ರಂಥಗಳನ್ನು ಯಾರ ಅಪ್ಪಣೆಯನ್ನೂ ಬೇಡದೆ ಅಂತರಜಾಲದ ಗ್ರಂಥಾಲಯದಲ್ಲಿ ಇಡಬಹುದಾಗಿದೆ. ಹಾಗೆ ಇಡುವ ಕೆಲಸಕ್ಕೆ ಇಂದು ಯಾವ ಸಲಕರಣೆಗಳಿವೆ, ಅವುಗಳಿಂದ ಏನು ಸಾಧ್ಯ, ಏನು ಅಪಾಯ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

1904ರಲ್ಲಿ ವಿಜಾಪುರಕ್ಕೆ ವಕೀಲರಾಗಿ ಬಂದ ಹಳಕಟ್ಟಿಯವರು ತಾಡವೋಲೆಯ ಕಟ್ಟುಗಳನ್ನು ಅರಸುತ್ತ ಊರೂರು ಅಲೆದರು. ಓಲೆಯ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘಗಳ ಭೇದವೂ ಸಾಮಾನ್ಯವಾಗಿ ಇಲ್ಲ. ಅದನ್ನು ಬಿಡಿಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹುಡುಕುವವರು, ಓದುವವರು, ಸಂಪಾದಿಸುವವರು ಬಹುಮಟ್ಟಿಗೆ ಒಬ್ಬರೇ.

ನಾನು ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯವನು. ಒಂದು ಶಬ್ದದ ಪಾಠಾಂತರ ನೋಡಬೇಕಾದರೆ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ, ಗ್ರಂಥಾಲಯದ ಬಾಗಿಲು ತೆರೆಯುವವರೆಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಈಗ ಅದೇ ಕೆಲಸವನ್ನು ಮನೆಯ ಪಡಸಾಲೆಯಲ್ಲಿ ಮಾಡುತ್ತಿದ್ದೇನೆ. ಕನ್ನಡ ವಿಕಿಸೋರ್ಸ್ ಎಂಬ ಅಂತರಜಾಲದ ಗ್ರಂಥಾಲಯದಲ್ಲಿ ತೆರೆಯ ಒಂದು ಬದಿಗೆ ಮುದ್ರಿತ ಪುಟದ ಚಿತ್ರ, ಇನ್ನೊಂದು ಬದಿಗೆ ಯಂತ್ರವು ಆ ಚಿತ್ರವನ್ನು ಓದಿ ಬರೆದ ಅಕ್ಷರರೂಪ. ಎರಡನ್ನೂ ಹೋಲಿಸಿ ತಿದ್ದುವುದು ನಮ್ಮ ಕೆಲಸ. ಯಾರೂ ಓದದ ಪುಟಕ್ಕೆ ಕೆಂಪು ಗುರುತು. ಒಬ್ಬರು ಓದಿ ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ವ್ಯವಸ್ಥೆ ಬಿಡುವುದಿಲ್ಲ. ಯಾರು, ಯಾವ ದಿನ, ಯಾವ ಅಕ್ಷರವನ್ನು ಬದಲಿಸಿದರೆಂಬ ದಾಖಲೆ ಉಳಿಯುತ್ತದೆ. ಓಲೆಯ ಲಿಪಿಕಾರರಲ್ಲಿ ಎಷ್ಟೋ ಮಂದಿ ತಮ್ಮ ಹೆಸರನ್ನೇ ಬಿಟ್ಟುಹೋಗಲಿಲ್ಲವೆಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಯಂತ್ರದ ಓದು ಇನ್ನೂ ಎಳೆಯ ಮಗುವಿನದು. ‘ಮ’ವನ್ನು ‘ವು’ ಎಂದು, ‘ಪ’ವನ್ನು ‘ಷ’ ಎಂದು ಓದುತ್ತದೆ, ಒತ್ತಕ್ಷರವನ್ನು ನುಂಗುತ್ತದೆ. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ಬೀಳದ ತಪ್ಪೂ ಒಂದುಂಟು: ಅನುಸ್ವಾರದ ಸೊನ್ನೆಯ ಬದಲಿಗೆ ಅಂಕಿಯ ಸೊನ್ನೆಯನ್ನು ಇಟ್ಟುಬಿಡುವುದು. ನಮಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇದರ ಪರಿಣಾಮ ತಿಳಿಯಬೇಕಾದರೆ ‘ವಚನ ಸಂಚಯ’ ಎಂಬ ಜಾಲತಾಣವನ್ನು ನೋಡಬೇಕು. ಅಲ್ಲಿ ಒಂದು ಪದವನ್ನು ಕೊಟ್ಟರೆ, ಅದು ಬರುವ ವಚನಗಳೆಲ್ಲ ಕ್ಷಣದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಇಂಥ ಹುಡುಕಾಟದಲ್ಲಿ ‘ಲಿಂಗ’ದ ಸೊನ್ನೆ ತಪ್ಪಿದ್ದರೆ ಆ ವಚನ ಲೆಕ್ಕಕ್ಕೇ ಬಾರದು. ಸಂಶೋಧಕನು ಆ ಪದ ಅಲ್ಲಿಲ್ಲವೆಂದೇ ತೀರ್ಮಾನಿಸಿಯಾನು.

(ಹಳಗನ್ನಡಕ್ಕೆ ಕೈಹಾಕುವವರಿಗೆ ಇನ್ನೊಂದು ವಿನೋದವಿದೆ. ಲಿಪಿಗಳ ಜಾಗತಿಕ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ನಮ್ಮ ‘ೞ’ಕ್ಕೆ ‘ಫ’ ಎಂಬ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಕಟ್ಟಳೆಯಿಂದ ಅದು ಹಾಗೆಯೇ ಉಳಿದಿದೆ.)

ಯಂತ್ರಕ್ಕಿಂತ ನಾನು ಹೆಚ್ಚು ಅಂಜುವುದು ಸದುದ್ದೇಶದ ತಿದ್ದುಪಡಿಗೆ. ಹಳೆಯ ರೂಪವೊಂದು ಕಂಡೊಡನೆ ಅದನ್ನು ಅಚ್ಚಿನ ದೋಷವೆಂದು ಬಗೆದು, ಇಂದಿನ ರೂಪಕ್ಕೆ ತಿರುಗಿಸುವ ಉತ್ಸಾಹಿಗಳಿದ್ದಾರೆ. ಪುಟದಲ್ಲಿ ಏನಿದೆಯೋ ಅದನ್ನೇ ಇಡಬೇಕು. ದೋಷವೆಂದು ತೋರಿದರೆ ಬೇರೆಯಾಗಿ ಗುರುತು ಹಾಕಬೇಕು. ಮೂಲದ ಓಲೆ ಹುಳು ತಿಂದು ಹೋಗಿದ್ದರೆ, ಆ ಅಚ್ಚಿನ ಪುಟವೇ ನಮಗುಳಿದ ಸಾಕ್ಷಿ.

ಇಬ್ಬರ ಕಣ್ಣು ಬೇಕೆಂಬ ತತ್ತ್ವವನ್ನು ನಮ್ಮ ನಾಡಿನಲ್ಲಿಯೇ ಬೇರೆ ಭಾಷೆಯವರು ಇನ್ನೂ ಬಿಗಿಯಾಗಿ ಪಾಲಿಸಿದ್ದಾರೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರು ಕಟ್ಟಿಕೊಂಡ ಸೇರಾ ಮಠದಲ್ಲಿ, 1980ರ ದಶಕದ ಕೊನೆಯಿಂದ, ಅವರ ಶಾಸ್ತ್ರಗ್ರಂಥಗಳನ್ನು ಗಣಕಕ್ಕೆ ಏರಿಸುವ ಕೆಲಸ ನಡೆಯಿತು. ಒಂದೇ ಗ್ರಂಥವನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಬೇರೆ ಬೇರೆಯಾಗಿ ಅಕ್ಷರ ಒತ್ತುವರು. ಎರಡನ್ನೂ ಗಣಕ ಹೋಲಿಸಿ ವ್ಯತ್ಯಾಸ ತೋರಿಸುವುದು. ಅಲ್ಲಿ ಮಾತ್ರ ಮೂಲವನ್ನು ತೆಗೆದು ನೋಡುವರು. ಇಬ್ಬರೂ ಒಂದೇ ಸ್ಥಳದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ. ನಮ್ಮ ಕ್ರಮದಲ್ಲಿ ಎರಡನೆಯವನು ಓದುವುದು ಮೊದಲನೆಯವನು ತಿದ್ದಿದ್ದನ್ನೇ. ಹಾಗಾಗಿ ಕಣ್ಣು ಜಾರುತ್ತದೆ. ಅವರ ಕ್ರಮವೇ ಮೇಲೆಂದು ನನ್ನೆಣಿಕೆ. ಆದರೆ ಶ್ರಮ ಇಮ್ಮಡಿ, ನಮ್ಮಲ್ಲಿರುವವರು ಕೆಲವರೇ.

ಈ ಕೆಲಸಕ್ಕೆ ಪದವಿ ಬೇಕಿಲ್ಲ. ನಿವೃತ್ತ ಕನ್ನಡ ಮಾಸ್ತರರು, ಮಠದಲ್ಲಿ ವಚನ ಹೇಳಿ ಬಾಯಿಪಾಠವಾದ ಹಿರಿಯರು ಕುಳಿತರೆ, ಯಂತ್ರಕ್ಕೂ ನಗರದ ತರುಣರಿಗೂ ತಿಳಿಯದ ಎಡವಟ್ಟು ಅವರ ಕಿವಿಗೆ ತಟ್ಟುತ್ತದೆ. ಕೆಂಪು ಪುಟವೊಂದನ್ನು ಹಳದಿ ಮಾಡಲು ನನಗೆ ಅರ್ಧ ತಾಸು ಹಿಡಿಯುತ್ತದೆ. ಸವೆದ ಮೊಳೆಯ ಹಳೆಯ ಅಚ್ಚಾದರೆ ಒಂದು ತಾಸು.