ಅಟ್ಟದ ಮೇಲಿನ ಹಳೆಯ ಕೋವಿಮದ್ದು: ಬಳಸಬಹುದೇ?

ಮುಂಬಯಿ, ಪುಣೆಯಲ್ಲಿ ನೆಲೆಸಿರುವ ಕೊಡಗು, ಮಲೆನಾಡು ಮೂಲದವರು ರಜೆಗೆ ಊರಿಗೆ ಹೋದಾಗ ಹಿರಿಯರ ಮನೆಯನ್ನು ಶುಚಿಗೊಳಿಸುವುದು ವಾಡಿಕೆ. ಕೋವಿ ಇದ್ದ ಮನೆಯಾದರೆ ಅಟ್ಟದಲ್ಲಿ ಮದ್ದಿನ ಹಳೆಯ ಡಬ್ಬಿಯೂ ಸಿಗಬಹುದು. ಗಂಡು ಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಗುಂಡು ಹಾರಿಸುವ ಸಂಪ್ರದಾಯ ಕೊಡವರದು. ಅವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಿಗೆಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಆದರೆ ಕೆಟ್ಟ ಮದ್ದು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಕರಿಮದ್ದಿಗೆ ತೇವವೇ ವೈರಿ

ಸುಮಾರು ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಬೆರೆತದ್ದು ಕರಿಮದ್ದು. ಒಣಗಿದ್ದರೆ ಅದಕ್ಕೆ ಮುಪ್ಪಿಲ್ಲ. 1861-65ರ ಅಮೆರಿಕದ ಅಂತರ್ಯುದ್ಧದ ಫಿರಂಗಿ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು, ಅದನ್ನು ಶುಚಿಗೊಳಿಸುತ್ತಿದ್ದ ಸಂಗ್ರಾಹಕನನ್ನೇ ಬಲಿ ತೆಗೆದುಕೊಂಡಿತು. ಮಳೆಗಾಲದ ತೇವ ತಗಲಿದರೆ ಪೆಟ್ಲುಪ್ಪು ಕರಗಿ ಬೇರ್ಪಡುತ್ತದೆ. ಮದ್ದು ಗಂಟುಕಟ್ಟುತ್ತದೆ, ಮೇಲೆ ಬಿಳಿ ಪುಡಿ ಕಾಣುತ್ತದೆ. ಬಿಸಿಲಿಗೆ ಹರಡಿದರೆ ನೀರು ಆರೀತು, ಮೊದಲಿನ ಹದ ಬಾರದು. ಅಂಥ ಮದ್ದು ಅರೆಬರೆ ಉರಿದು ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಮುಂದಿನ ಈಡಿಗೆ ನಳಿಗೆಯೇ ಸೀಳಬಹುದು.

ಹೊಗೆರಹಿತ ಮದ್ದಿಗೆ ಸೆಕೆ ಆಗದು

ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ರೂಪಿಸಿದ ಹೊಗೆರಹಿತ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್. ಇದು ತಾನಾಗಿಯೇ ನಿಧಾನವಾಗಿ ಕೊಳೆಯುತ್ತದೆ. ಹೊರಬರುವ ಆಮ್ಲವನ್ನು ಹೀರಲು ಡೈಫಿನೈಲಮೀನ್‌ನಂಥ ರಕ್ಷಕ ವಸ್ತು ಬೆರೆಸಿರುತ್ತಾರೆ. ಅದು ಮುಗಿದ ಮೇಲೆ ಆಮ್ಲವೇ ಕೊಳೆತವನ್ನು ಚುರುಕುಗೊಳಿಸಿ, ಶಾಖ ಏರಿ, ಮದ್ದು ತಾನಾಗಿ ಹೊತ್ತಿಕೊಳ್ಳಬಹುದು. 1911ರ ಸೆಪ್ಟೆಂಬರ್ 25ರಂದು ತೂಲಾನ್ ಬಂದರಿನಲ್ಲಿ 'ಲಿಬರ್ತೆ' ಯುದ್ಧನೌಕೆ ಸ್ಫೋಟಗೊಂಡು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಕೆಟ್ಟ ಮದ್ದಿನಿಂದಲೇ. ಒಲೆಯ ಮೇಲಿನ ಅಟ್ಟದ ಕಾವು ಈ ಕೊಳೆತಕ್ಕೆ ವೇಗ ಕೊಡುತ್ತದೆ.

ಒಳ್ಳೆಯ ಮದ್ದಿಗೆ ಸ್ಪಿರಿಟ್‌ನಂಥ ಲಘು ವಾಸನೆ ಇರುತ್ತದೆ. ಮೂಗಿಗೆ ಹೊಡೆಯುವ ಹುಳಿ ಘಾಟು, ಕೆಂಗಂದು ಹೊಗೆ ಅಥವಾ ಪುಡಿ, ಮುಚ್ಚಳದ ಒಳಗೆ ತುಕ್ಕು, ಇವುಗಳಲ್ಲಿ ಒಂದು ಕಂಡರೂ ಮದ್ದು ಕೆಟ್ಟಿತೆಂದೇ ಅರ್ಥ. ಆದರೆ ಲಕ್ಷಣ ಕಾಣದಿದ್ದ ಮಾತ್ರಕ್ಕೆ ಮದ್ದು ಚೆನ್ನಾಗಿದೆ ಎನ್ನಲಾಗದು. ಉಳಿದ ರಕ್ಷಕ ವಸ್ತುವನ್ನು ಪ್ರಯೋಗಾಲಯದಲ್ಲೇ ಅಳೆಯಬೇಕು.

ಚೀಟಿ ಇಲ್ಲದ ಡಬ್ಬಿ

ಚೀಟಿ ಹರಿದುಹೋದ ಡಬ್ಬಿಯ ಮದ್ದನ್ನು, ಅದು ಎಷ್ಟೇ ಹೊಸದಾಗಿ ಕಂಡರೂ, ತೋಟಾಗಳಿಗೆ ತುಂಬಲೇಬಾರದು. ಬೇಗ ಉರಿಯುವುದು ಯಾವುದು, ನಿಧಾನ ಉರಿಯುವುದು ಯಾವುದು ಎಂದು ಕಣ್ಣಿನಿಂದ ತಿಳಿಯದು. ಅಳತೆ ತಪ್ಪಿದರೆ ಕೋವಿಯೇ ಸಿಡಿಯಬಹುದು. ಇಂಥ ಡಬ್ಬಿ ಕಂಡವರು ಅದನ್ನು ಕುಲುಕದೆ, ಒಲೆಗೆ ಸುರಿಯದೆ, ಮಕ್ಕಳನ್ನು ದೂರವಿಟ್ಟು ಸಮೀಪದ ಪೊಲೀಸ್ ಠಾಣೆಗೆ ತಿಳಿಸುವುದು ಕ್ಷೇಮ. ಬಸ್ಸಿನಲ್ಲೋ ರೈಲಿನಲ್ಲೋ ನಗರಕ್ಕೆ ತರುವುದಂತೂ ಬೇಡವೇ ಬೇಡ. ಹಿರಿಯರ ನೆನಪಿಗೆ ಕೋವಿ ಇದ್ದರೆ ಸಾಕು.