ಕಾದು ನಿಲ್ಲುವ ಪಂಪುಗಳು

ಅಣು ವಿದ್ಯುತ್ ಸ್ಥಾವರದ ಸುರಕ್ಷತಾ ಪಂಪು ರಿಯಾಕ್ಟರ್ ಸರಿಯಾಗಿ ನಡೆಯುತ್ತಿರುವಾಗ ಸುಮ್ಮನಿರುತ್ತದೆ. ಅವಘಡವಾದಾಗ ಇಂಧನಕ್ಕೆ ನೀರು ಮುಟ್ಟಿಸುತ್ತದೆ. ರಚನೆಯಲ್ಲಿ ಅದು ಏತ ನೀರಾವರಿಯ ಪಂಪಿಗಿಂತ ತೀರ ಬೇರೆಯೇನಲ್ಲ. ಇಂಪೆಲ್ಲರ್, ಶಾಫ್ಟು, ಬೇರಿಂಗು, ಸೀಲು, ಮೋಟರು ಎರಡರಲ್ಲೂ ಇವೆ. ಬೇರೆಯಾಗಿರುವುದು ದುಡಿಮೆಯ ರೀತಿ. ಕೃಷ್ಣೆಯ ನೀರನ್ನು ತಿಕೋಟಾ, ಬಬಲೇಶ್ವರದ ಎತ್ತರದ ಹೊಲಗಳ ಕಡೆಗೆ ಎತ್ತುವ ತುಬಚಿ–ಬಬಲೇಶ್ವರ ಯೋಜನೆಯ ಪಂಪು ಕೆಟ್ಟರೆ ಕಾಲುವೆಯ ನೀರು ಇಳಿದು ಸುದ್ದಿ ಊರಿಗೆಲ್ಲ ತಿಳಿಯುತ್ತದೆ. ಸುರಕ್ಷತಾ ಪಂಪು ಕೆಟ್ಟು ಕೂತರೆ ಯಾವ ಲಕ್ಷಣವೂ ಹೊರಗೆ ಕಾಣುವುದಿಲ್ಲ. ಆದ್ದರಿಂದ ಅದನ್ನು ಗೊತ್ತಾದ ಅವಧಿಗೊಮ್ಮೆ ಓಡಿಸಿ ನೋಡುವುದು, ದೋಷ ಕಂಡರೆ ಮಾರ್ಪಡಿಸುವುದು, ಮಾರ್ಪಡಿಸಿದ ಮೇಲೆ ಮತ್ತೆ ಪರೀಕ್ಷಿಸುವುದು ಸ್ಥಾವರದ ನಿತ್ಯದ ಕೆಲಸಗಳಲ್ಲೊಂದು.

ಆರಿಸಿದರೂ ಆರದ ಶಾಖ

ಕರ್ನಾಟಕದ ಏಕೈಕ ಅಣು ವಿದ್ಯುತ್ ಸ್ಥಾವರ ಇರುವುದು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಅಂಚಿನಲ್ಲಿ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು 2000ರಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನೈಸರ್ಗಿಕ ಯುರೇನಿಯಂ ಇವುಗಳ ಇಂಧನ. ಅದನ್ನು ತುಂಬಿದ 306 ಅಡ್ಡ ಕೊಳವೆಗಳ ಮೂಲಕ ಒತ್ತಡದಲ್ಲಿರುವ ಭಾರಜಲ ಹರಿದು, ಶಾಖವನ್ನು ಉಗಿ ಉತ್ಪಾದಕಗಳಿಗೆ ಒಯ್ಯುತ್ತದೆ.

ರಿಯಾಕ್ಟರನ್ನು ನಿಲ್ಲಿಸಿದ ಕ್ಷಣವೇ ವಿದಳನ ಕ್ರಿಯೆ ನಿಲ್ಲುತ್ತದೆ, ಆದರೆ ಶಾಖ ಹುಟ್ಟುವುದು ನಿಲ್ಲುವುದಿಲ್ಲ. ವಿದಳನದಿಂದ ಉಂಟಾದ ವಿಕಿರಣಶೀಲ ಧಾತುಗಳು ಕ್ಷಯಿಸುತ್ತಲೇ ಇರುತ್ತವೆ. ನಿಲ್ಲಿಸಿದ ಕೂಡಲೇ ಈ ಕ್ಷಯಶಾಖ ಪೂರ್ಣ ಶಾಖದ ಶೇಕಡಾ 6ರಿಂದ 7ರಷ್ಟಿರುತ್ತದೆ. ಒಂದು ಗಂಟೆಯಲ್ಲಿ ಶೇಕಡಾ ಒಂದೂವರೆಗೆ, ಒಂದು ದಿನದಲ್ಲಿ ಶೇಕಡಾ ಅರ್ಧದ ಆಸುಪಾಸಿಗೆ ಇಳಿಯುತ್ತದೆ. 220 ಮೆಗಾವಾಟ್ ವಿದ್ಯುತ್ತಿನ ಘಟಕದಲ್ಲಿ ಹುಟ್ಟುವ ಒಟ್ಟು ಶಾಖ ಸುಮಾರು 750 ಮೆಗಾವಾಟ್. ಅಂದರೆ ನಿಲ್ಲಿಸಿದಾಗ 45 ಮೆಗಾವಾಟ್‌ಗೂ ಹೆಚ್ಚು, ಮರುದಿನವೂ ಮೂರು-ನಾಲ್ಕು ಮೆಗಾವಾಟ್ ಶಾಖವನ್ನು ಹೊರಗೆ ಸಾಗಿಸಲೇಬೇಕು. ನೀರು ತಪ್ಪಿದರೆ ಇಂಧನದ ಕವಚ ಕಾದು ಒಡೆಯುತ್ತದೆ, ವಿಕಿರಣಶೀಲ ವಸ್ತು ಹೊರಬರುತ್ತದೆ.

ಸರದಿಯಲ್ಲಿ ನಿಂತ ಪಂಪುಗಳು

ಈ ಕೆಲಸ ಒಂದೇ ಪಂಪಿನ ಮೇಲೆ ಬೀಳದಂತೆ ಹಂಚಲಾಗಿದೆ. ಭಾರಜಲವನ್ನು ತಿರುಗಿಸುವ ಮುಖ್ಯ ಪಂಪುಗಳಿಗೆ ಭಾರವಾದ ಗಾಲಿಗಳನ್ನು ಜೋಡಿಸಿರುತ್ತಾರೆ. ಕರೆಂಟು ಹೋದರೂ ಅವು ಮೆಲ್ಲಗೆ ವೇಗ ಕಳೆದುಕೊಳ್ಳುವುದರಿಂದ ಹರಿವು ಒಮ್ಮೆಲೇ ನಿಲ್ಲುವುದಿಲ್ಲ. ಆಮೇಲೂ ಭಾರಜಲ ತಾನಾಗಿಯೇ ಸುತ್ತುತ್ತದೆ: ಬಿಸಿಯಾದದ್ದು ಮೇಲಿನ ಉಗಿ ಉತ್ಪಾದಕಕ್ಕೆ ಏರುತ್ತದೆ, ತಣಿದದ್ದು ಇಳಿಯುತ್ತದೆ. ಆದರೆ ಉಗಿ ಉತ್ಪಾದಕದಲ್ಲಿ ನೀರಿದ್ದರೆ ಮಾತ್ರ ಈ ಸುತ್ತಾಟ ನಡೆಯುತ್ತದೆ. ಅಲ್ಲಿಗೆ ನೀರು ಕೊಡುವುದು ಸಹಾಯಕ ಫೀಡ್ ಪಂಪುಗಳ ಹೊಣೆ. ರಿಯಾಕ್ಟರ್ ಸಾಕಷ್ಟು ತಣಿದ ನಂತರ ಶಟ್‌ಡೌನ್ ಕೂಲಿಂಗ್ ಪಂಪುಗಳು ಕೆಲಸ ವಹಿಸಿಕೊಳ್ಳುತ್ತವೆ. ಕೊಳವೆಯೇ ಒಡೆದು ಭಾರಜಲ ಸೋರಿಹೋದರೆ ತುರ್ತು ಶೀತಲೀಕರಣ ವ್ಯವಸ್ಥೆ ನೀರು ನುಗ್ಗಿಸುತ್ತದೆ. ಮುಂದೆ ಅದರ ಪಂಪುಗಳು ಕಟ್ಟಡದ ತಳದ ಕೊಳದಲ್ಲಿ ಸೇರಿದ ನೀರನ್ನೇ ಎತ್ತಿ, ತಣಿಸಿ, ಮತ್ತೆ ಇಂಧನಕ್ಕೆ ಕಳಿಸುತ್ತಿರಬೇಕು.

ಹೊರಗಿನ ಗ್ರಿಡ್ ಕೈಕೊಟ್ಟರೆ ಡೀಸೆಲ್ ಜನರೇಟರ್‌ಗಳು ತಾವಾಗಿಯೇ ಚಾಲೂ ಆಗುತ್ತವೆ. ಮೋಟರು ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದರ ಐದಾರು ಪಟ್ಟು ಇರುವುದರಿಂದ ಎಲ್ಲ ಪಂಪುಗಳನ್ನು ಒಟ್ಟಿಗೆ ಹೊರಡಿಸಿದರೆ ಜನರೇಟರ್ ತಡೆಯುವುದಿಲ್ಲ. ಅದಕ್ಕಾಗಿ ಒಂದಾದ ಮೇಲೊಂದರಂತೆ, ಕೆಲವೇ ಸೆಕೆಂಡುಗಳ ಅಂತರದಲ್ಲಿ ಹೊರಡುವ ಕ್ರಮ ನಿಗದಿಯಾಗಿರುತ್ತದೆ.

ಪ್ರತಿಯೊಂದು ಕೆಲಸಕ್ಕೂ ಒಂದಕ್ಕಿಂತ ಹೆಚ್ಚು ಪಂಪುಗಳಿವೆ. ಒಂದು ಪಂಪು ನೂರು ಸಲಕ್ಕೆ ಒಮ್ಮೆ ಕೈಕೊಡುವುದಾದರೆ ಎರಡೂ ಒಟ್ಟಿಗೆ ಕೈಕೊಡುವ ಸಂಭವ ಹತ್ತು ಸಾವಿರಕ್ಕೆ ಒಂದು. ಆದರೆ ಈ ಲೆಕ್ಕ ನಿಲ್ಲುವುದು ಎರಡಕ್ಕೂ ಒಂದೇ ಕೇಬಲ್ ದಾರಿ, ಒಂದೇ ಕೋಣೆ, ಒಂದೇ ಬಗೆಯ ದೋಷ ಇಲ್ಲದಿದ್ದಾಗ ಮಾತ್ರ. ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನ್ ಅಲಗುಗಳು ಮುರಿದು ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟು, ಜನರೇಟರ್‌ಗಳಿದ್ದರೂ ವಿದ್ಯುತ್ ಪಂಪುಗಳಿಗೆ ತಲುಪದಾಯಿತು. ಸುಮಾರು 17 ಗಂಟೆ ಘಟಕ ಕತ್ತಲಲ್ಲಿತ್ತು. ಸಿಬ್ಬಂದಿ ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಹಾಯಿಸಿ ಇಂಧನವನ್ನು ಉಳಿಸಿದರು. ಜನರೇಟರಿನ ಹಂಗಿಲ್ಲದೆ ತನ್ನ ಎಂಜಿನ್ನಿನಿಂದಲೇ ಓಡುವ ಪಂಪು ಏಕೆ ಬೇಕೆಂಬುದಕ್ಕೂ ಕೇಬಲ್‌ಗಳನ್ನು ಏಕೆ ಬೇರೆ ಬೇರೆ ದಾರಿಯಲ್ಲಿ ಒಯ್ಯಬೇಕೆಂಬುದಕ್ಕೂ ಈ ಘಟನೆ ಉತ್ತರವಾಯಿತು.

ಓಡಿಸಿ ನೋಡುವ ಕ್ರಮ

ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಆಗಬೇಕು, ಪಂಪು ಕೆಟ್ಟಿದ್ದರೆ ರಿಯಾಕ್ಟರನ್ನು ಎಷ್ಟು ಹೊತ್ತಿನೊಳಗೆ ನಿಲ್ಲಿಸಬೇಕು ಎಂಬುದು ಅಣುಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ ತಾಂತ್ರಿಕ ನಿಯಮಾವಳಿಯಲ್ಲಿರುತ್ತದೆ. 1983ರಲ್ಲಿ ರಚನೆಯಾದ ಈ ಮಂಡಳಿಯ ಅನುಮತಿ ಇಲ್ಲದೆ ಆ ನಿಯಮಗಳನ್ನು ಬದಲಿಸುವಂತಿಲ್ಲ.

ಪರೀಕ್ಷೆಗೆ ಮೊದಲು ಜೋಡಿ ಪಂಪು ಸಿದ್ಧವಿದೆಯೆಂದು ಖಚಿತಪಡಿಸಿಕೊಳ್ಳುತ್ತಾರೆ. ಪಂಪಿನ ಬಳಿ ಇರುವ ಆಪರೇಟರ್ ಬೇರಿಂಗಿನ ಎಣ್ಣೆಯ ಮಟ್ಟ, ಸೀಲಿನ ಸೋರಿಕೆ, ಒಂದೊಂದು ವಾಲ್ವಿನ ಸ್ಥಿತಿಯನ್ನು ಪಟ್ಟಿಯ ಪ್ರಕಾರ ನೋಡುತ್ತಾನೆ. ಕಂಟ್ರೋಲ್ ರೂಮಿನಿಂದ ಸ್ವಿಚ್ ಒತ್ತಿದಾಗ ಆಮ್‌ಮೀಟರಿನ ಮುಳ್ಳು ಜಿಗಿದು, ಪಂಪು ವೇಗಕ್ಕೆ ಬಂದಂತೆ ಇಳಿಯುತ್ತದೆ. ಪಂಪಿನ ಎರಡೂ ಬದಿಯ ಒತ್ತಡ, ನಿಮಿಷಕ್ಕೆ ಹರಿಯುವ ನೀರು, ಬೇರಿಂಗಿನ ಉಷ್ಣತೆ, ಕಂಪನ ಇವನ್ನೆಲ್ಲ ಅಳೆದು, ಪಂಪು ಹೊಸದಿದ್ದಾಗ ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸುತ್ತಾರೆ. ಅದೇ ಹರಿವಿಗೆ ಒತ್ತಡ ಕುಗ್ಗಿದ್ದರೆ ಇಂಪೆಲ್ಲರ್ ಅಥವಾ ಅದರ ಸುತ್ತಲಿನ ಉಂಗುರ ಸವೆದಿದೆ ಎಂದರ್ಥ. ಕಂಪನ ಏರಿದ್ದರೆ ಬೇರಿಂಗು ಸವೆದಿರಬಹುದು ಇಲ್ಲವೇ ಶಾಫ್ಟಿನ ಜೋಡಣೆ ತಪ್ಪಿರಬಹುದು.

ರಿಯಾಕ್ಟರ್ ಓಡುತ್ತಿರುವಾಗ ತುರ್ತು ಪಂಪಿನ ನೀರನ್ನು ಇಂಧನದೊಳಕ್ಕೆ ನುಗ್ಗಿಸುವಂತಿಲ್ಲ. ಅದನ್ನು ಪಕ್ಕದ ಕೊಳವೆಯಿಂದ ತೊಟ್ಟಿಗೇ ಹಿಂತಿರುಗಿಸುತ್ತಾರೆ. ಆ ಕೊಳವೆ ಸಣ್ಣದಾದರೆ ಪಂಪು ಪೂರ್ತಿ ಹರಿವಿನಲ್ಲಿ ಹೇಗೆ ವರ್ತಿಸುತ್ತದೆಂಬುದು ತಿಳಿಯುವುದಿಲ್ಲ. ಕಡಿಮೆ ಹರಿವಿನಲ್ಲಿ ಹೆಚ್ಚು ಹೊತ್ತು ಓಡಿಸಿದರೆ ನೀರು ಕಾದು ಪಂಪಿಗೇ ಪೆಟ್ಟು. ಆದ್ದರಿಂದ ಪಂಪು ಪರೀಕ್ಷೆಯ ಅಮೆರಿಕನ್ ಸಂಹಿತೆ ಮೂರು ತಿಂಗಳಿಗೊಮ್ಮೆ ಸಾಮಾನ್ಯ ಪರೀಕ್ಷೆಯನ್ನೂ ಎರಡು ವರ್ಷಕ್ಕೊಮ್ಮೆ ವಿನ್ಯಾಸದ ಹರಿವಿನ ಸಮೀಪದಲ್ಲಿ ಸಮಗ್ರ ಪರೀಕ್ಷೆಯನ್ನೂ ಕೇಳುತ್ತದೆ. ಪರೀಕ್ಷೆಗೆಂದು ರಿಯಾಕ್ಟರ್ ನಿಲ್ಲುವುದನ್ನು ಕಾಯುತ್ತ ಕೂರುವಂತೆಯೂ ಇಲ್ಲ. ಕೈಗಾ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ದಾಖಲೆ ಬರೆಯಿತು. ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ ಈ ಬಗೆಯ ರಿಯಾಕ್ಟರಿನಲ್ಲಿ ಅಷ್ಟು ದೀರ್ಘ ಓಟ ಸಾಧ್ಯ. ಹೀಗಿರುವಲ್ಲಿ ಕಾದು ನಿಂತ ಪಂಪುಗಳನ್ನು ರಿಯಾಕ್ಟರ್ ನಿಲ್ಲಿಸದೆಯೇ ಪರೀಕ್ಷಿಸುವ ಏರ್ಪಾಡು ವಿನ್ಯಾಸದಲ್ಲೇ ಇರಬೇಕಾಗುತ್ತದೆ.

ಪರೀಕ್ಷೆಯೇ ಅಪಾಯವಾಗುವುದೂ ಉಂಟು. ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್‌ನಲ್ಲಿ 1979ರ ಮಾರ್ಚ್ 28ರಂದು ಮುಖ್ಯ ಫೀಡ್ ಪಂಪುಗಳು ನಿಂತಾಗ ತುರ್ತು ಪಂಪುಗಳು ಸರಿಯಾಗಿಯೇ ಹೊರಟವು. ಆದರೆ ದಾರಿಯಲ್ಲಿದ್ದ ಎರಡು ವಾಲ್ವುಗಳು ಮುಚ್ಚಿದ್ದವು. ಎಂಟು ನಿಮಿಷ ಅದು ಯಾರಿಗೂ ತಿಳಿಯಲಿಲ್ಲ. ಎರಡು ದಿನ ಹಿಂದಿನ ಪರೀಕ್ಷೆಯಲ್ಲಿ ಮುಚ್ಚಿದವು ಹಾಗೇ ಉಳಿದಿರಬೇಕೆಂದು ತನಿಖೆ ಊಹಿಸಿತು. ಅಂದು ಅಲ್ಲಿ ಇಂಧನ ಭಾಗಶಃ ಕರಗಿತು; ಅದಕ್ಕೆ ಮುಖ್ಯ ಕಾರಣ ಬೇರೆ ಇತ್ತು: ತೆರೆದೇ ಉಳಿದ ರಿಲೀಫ್ ವಾಲ್ವು, ಮತ್ತು ಅದು ತಿಳಿಯದೆ ಸಿಬ್ಬಂದಿ ತಗ್ಗಿಸಿದ ತುರ್ತು ನೀರು. ಆದರೂ, ಪರೀಕ್ಷೆ ಮುಗಿದ ಮೇಲೆ ವಾಲ್ವುಗಳು ಮೊದಲಿನ ಸ್ಥಿತಿಗೆ ಬಂದಿವೆಯೇ ಎಂದು ಎರಡನೆಯ ವ್ಯಕ್ತಿ ಸ್ವತಂತ್ರವಾಗಿ ನೋಡುವ ಕ್ರಮ ಇಂಥ ತಪ್ಪನ್ನು ತಡೆಯಲಿಕ್ಕೇ ಇದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸ್ಫೋಟಿಸಿದಾಗ ನಡೆಯುತ್ತಿದ್ದದ್ದೂ ಪಂಪುಗಳಿಗೆ ಸಂಬಂಧಿಸಿದ ಪರೀಕ್ಷೆಯೇ: ಡೀಸೆಲ್ ಜನರೇಟರ್ ಹೊರಡುವ ತನಕ, ನಿಲ್ಲುತ್ತಿರುವ ಟರ್ಬೈನಿನ ತಿರುಗಾಟದಿಂದಲೇ ಪಂಪುಗಳನ್ನು ಓಡಿಸಬಹುದೇ ಎಂದು ನೋಡುವುದು.

ಮಾರ್ಪಾಡು

ಶುದ್ಧ ನೀರಿನಲ್ಲಿ ಚೆನ್ನಾಗಿ ಓಡಿದ ಪಂಪು ಅವಘಡದ ಕೊಳಕು ನೀರಿನಲ್ಲೂ ಓಡುತ್ತದೆಂಬ ಖಾತ್ರಿಯಿಲ್ಲ. ಸ್ವೀಡನ್ನಿನ ಬಾರ್ಸೆಬ್ಯಾಕ್‌ನಲ್ಲಿ 1992ರ ಜುಲೈ 28ರಂದು ರಭಸದಿಂದ ಹೊರಬಿದ್ದ ಉಗಿ ಕೊಳವೆಗಳಿಗೆ ಸುತ್ತಿದ್ದ ಶಾಖನಿರೋಧಕ ಉಣ್ಣೆಯನ್ನು ಕಿತ್ತು ನೀರಿಗೆ ಕೆಡವಿತು. ಅದು ಪಂಪುಗಳ ಜಾಲರಿಗೆ ಮೆತ್ತಿಕೊಂಡು, ಎಣಿಸಿದ್ದಕ್ಕಿಂತ ಬಹಳ ಬೇಗ ದಾರಿ ಕಟ್ಟಿತು. ಆಮೇಲೆ ಹಲವು ದೇಶಗಳಲ್ಲಿ ಜಾಲರಿಗಳ ವಿಸ್ತಾರ ಹೆಚ್ಚಿಸಿದರು. ಅಮೆರಿಕದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಸಮಸ್ಯೆ ಪಂಪಿನೊಳಗೇ ಇತ್ತು. ಅಲ್ಲಿನ ಅಧಿಕ ಒತ್ತಡದ ಪಂಪಿನ ಒಂದು ಬೇರಿಂಗು ಅದೇ ಪಂಪಿನ ನೀರಿನ ಪದರದ ಮೇಲೆ ತೇಲುವಂಥದ್ದು. ನೀರಿನಲ್ಲಿ ಕಸವಿದ್ದರೆ ಆ ಬೇರಿಂಗಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳುವ ಸಂಭವವಿತ್ತು. 2002ರಲ್ಲಿ ಬೇರೆ ಕಾರಣಕ್ಕೆ ಮುಚ್ಚಿದ್ದ ಸ್ಥಾವರದಲ್ಲಿ ಪಂಪುಗಳನ್ನು ಮಾರ್ಪಡಿಸಿ, ಕಸ ಬೆರೆತ ನೀರಿನಲ್ಲಿ ಪರೀಕ್ಷಿಸಿದ ನಂತರವೇ, 2004ರಲ್ಲಿ, ರಿಯಾಕ್ಟರ್ ಮತ್ತೆ ಶುರುವಾಯಿತು.

ಹೊಸ ಸೀಲು, ಹೊಸ ಮೋಟರು ಎಂಬಂಥ ಸಣ್ಣ ಬದಲಾವಣೆಗೂ ಇದೇ ಶಿಸ್ತು. ಹೊಸ ಭಾಗ ಉಗಿ, ಶಾಖ, ವಿಕಿರಣ, ಭೂಕಂಪ ಎಲ್ಲವನ್ನೂ ತಾಳಬೇಕು. ಭೂಕಂಪದ ಪರೀಕ್ಷೆಗೆ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ 10 ಟನ್ ತೂಕದ ಸಲಕರಣೆಯನ್ನೂ ಎಲ್ಲ ದಿಕ್ಕುಗಳಿಗೆ ಅಲುಗಾಡಿಸಬಲ್ಲ ವೇದಿಕೆಯಿದೆ.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಸುನಾಮಿ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿದ ಬಳಿಕ ಭಾರತದ ಸ್ಥಾವರಗಳಲ್ಲಿ ಇನ್ನೊಂದು ಸುತ್ತಿನ ಮಾರ್ಪಾಡು ನಡೆಯಿತು. ಉಗಿ ಉತ್ಪಾದಕ, ರಿಯಾಕ್ಟರ್ ಪಾತ್ರೆ ಮತ್ತು ಬಳಸಿದ ಇಂಧನದ ಕೊಳಕ್ಕೆ ಹೊರಗಿನಿಂದ ಪೈಪು ಜೋಡಿಸಿ ನೀರು ಹಾಯಿಸುವ ಬಾಯಿಗಳನ್ನು ಇಟ್ಟರು. ಸಾಗಿಸಬಹುದಾದ ಪಂಪು, ಜನರೇಟರ್‌ಗಳನ್ನು ಒದಗಿಸಿದರು.

ಗುಜರಾತಿನ ಕಾಕ್ರಾಪಾರದಲ್ಲಿ 2023ರಿಂದ ವಾಣಿಜ್ಯವಾಗಿ ನಡೆಯುತ್ತಿರುವ ಮತ್ತು ಕೈಗಾ 5, 6ನೇ ಘಟಕಗಳಿಗೆ ಆಯ್ದ 700 ಮೆಗಾವಾಟ್ ವಿನ್ಯಾಸ ಇನ್ನೊಂದು ಹೆಜ್ಜೆ ಮುಂದಿದೆ. ಅದರಲ್ಲಿ ಉಗಿ ಎತ್ತರದ ತೊಟ್ಟಿಯಲ್ಲಿ ತಣಿದು, ನೀರಾಗಿ, ಪಂಪಿಲ್ಲದೆ ತನ್ನ ಭಾರಕ್ಕೇ ಉಗಿ ಉತ್ಪಾದಕಕ್ಕೆ ಇಳಿಯುತ್ತದೆ. ಇದರಿಂದ ಮೊದಲ ಕೆಲವು ಗಂಟೆ ವಿದ್ಯುತ್ತಿಗಾಗಿ ಕಾಯಬೇಕಿಲ್ಲ. ತೊಟ್ಟಿಯ ನೀರು ತೀರಿದ ಮೇಲೆ ಅಥವಾ ಕೊಳವೆ ಒಡೆದಾಗ ನೀರೆತ್ತುವ ಕೆಲಸ ಪಂಪುಗಳದ್ದೇ; ಅವುಗಳ ಪರೀಕ್ಷೆಯ ವೇಳಾಪಟ್ಟಿ ಈ ವಿನ್ಯಾಸದಲ್ಲೂ ಮುಂದುವರಿಯುತ್ತದೆ.