ಕಪಾಟಿನಲ್ಲೊಂದು ಪ್ಯಾರಿಸ್ ಬೀದಿ

ಆಲಿವ್ ಹಸಿರಿನ ಗೋಡೆ, ಕಿಟಕಿಗಳ ಸುತ್ತ ಬಿಳಿ ಅಂಚು, ಬಾಗಿಲ ನೆತ್ತಿಗೆ ‘ಷೇ ಆಲ್ಬೇರ್’ ಎಂಬ ಫಲಕ. ಮುಂದಿನ ಕಾಲುದಾರಿಯ ಪಕ್ಕ ಒಂದು ಸ್ಕೂಟರ್. ಹೊರಗಿನ ಮೆಟ್ಟಿಲು ಹತ್ತಿದರೆ ಪುಟ್ಟ ತಾರಸಿ, ಅಲ್ಲಿ ಊಟದ ಮೇಜು. ನಮ್ಮ ಹಜಾರದ ಪುಸ್ತಕದ ಕಪಾಟಿನ ನಡುಹಲಗೆಯಲ್ಲಿ, ನಿಘಂಟುಗಳನ್ನು ಸರಿಸಿ ಮಾಡಿದ ಜಾಗದಲ್ಲಿ ಈ ಕಟ್ಟಡ ನಿಂತಿದೆ. ಆಟಿಕೆ ಇಟ್ಟಿಗೆಗಳ ಲೆಗೊ ಕಂಪನಿ 2014ರಲ್ಲಿ ತಂದ ‘ಪ್ಯಾರಿಸಿಯನ್ ರೆಸ್ಟೋರೆಂಟ್’ ಇದು. ಒಟ್ಟು 2,469 ತುಂಡುಗಳ ಮಾದರಿ.

ಸೋಫಾದ ಮೇಲೆ ಕೂತು ನೋಡಿದರೆ ಮುಂಗೋಡೆಯ ತುಂಬ ಹಳೆಯ ಯುರೋಪಿನ ಕಟ್ಟಡಗಳಲ್ಲಿ ಕಾಣುವ ಗಾರೆಯ ಕುಸುರಿ ಕೆಲಸ. ಎದ್ದು ಹತ್ತಿರ ಹೋಗಬೇಕು. ಗಾರೆಯ ಸುರುಳಿ ಅಂದುಕೊಂಡದ್ದು ಕ್ರೋಸಾಂ, ಬೇಕರಿಯಲ್ಲಿ ಸಿಗುವ ಬಾಗಿದ ಬನ್ನು. ಗೊಂಬೆಯ ಕೈಗೆ ತಿಂಡಿಯಾಗಿ ಕೊಡಲೆಂದು ಇರುವ ತುಂಡನ್ನೇ ಇಲ್ಲಿ ಗೋಡೆಯ ಅಲಂಕಾರಕ್ಕೆ ಕೂರಿಸಿದ್ದಾರೆ. ಇನ್ನೊಂದು ಕಡೆ ಕಪ್ಪೆಚಿಪ್ಪು, ಮತ್ತೊಂದು ಕಡೆ ಹಕ್ಕಿಯ ಗರಿ. ರೋಲರ್ ಸ್ಕೇಟುಗಳೂ ಇವೆ. ಮನೆಗೆ ಬಂದವರಿಗೆ ನಾನಾಗಿ ಇದನ್ನು ಹೇಳುವುದಿಲ್ಲ. ಕಾಫಿ ಲೋಟ ಹಿಡಿದು ಕಪಾಟಿನ ಮುಂದೆ ನಿಂತವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೂಗನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು, “ಅಯ್ಯೋ, ಇದು ಬನ್ನಲ್ವಾ!” ಅನ್ನುತ್ತಾರೆ. ಆ ಕ್ಷಣಕ್ಕಾಗಿ ಕಾಯುವುದೇ ನನಗೆ ಖುಷಿ.

ಎಲ್ಲಿ ಇಡುತ್ತೇವೆ ಅನ್ನುವುದು ಬಹಳ ಮುಖ್ಯ. ಟೀಪಾಯಿಯ ಮೇಲಿಟ್ಟರೆ ಕಾಣುವುದು ಬರೀ ಛಾವಣಿ, ನೋಡಿದವರಿಗೆ ಆಟಿಕೆಯೊಂದೇ ನೆನಪಾಗುತ್ತದೆ. ಅಟ್ಟಕ್ಕೇರಿಸಿದರಂತೂ ಮುಗಿಯಿತು. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಅದರ ನೆಲ ಸರಿಸಮವಾಗಿ ಬರುವಂತೆ ಇಡಬೇಕು. ಆಗ ನಾವು ಮೇಲಿನಿಂದ ನೋಡುವವರಲ್ಲ, ಆ ಬೀದಿಯಲ್ಲೇ ನಿಂತವರು. ಬಾಗಿಲ ಬಳಿಯ ಪರಿಚಾರಕ ಸುಮಾರು 4 ಸೆಂಟಿಮೀಟರ್ ಎತ್ತರದವನು; ಅವನ ಹೆಗಲ ಮೇಲಿಂದ ಒಳಗೆ ಇಣುಕಿದರೆ ಮೇಜು, ಮೇಜಿನಾಚೆ ಅಡುಗೆಮನೆ. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಇಂಥ ಕಟ್ಟಡಗಳನ್ನು ಇಡುವವರಿದ್ದಾರೆ. ಧೂಳು ತಡೆಯಲು ಅದು ಸರಿಯೇ ಇರಬಹುದು. ಆದರೆ ಕೈಗೆ ಸಿಗದ ಕಟ್ಟಡ ಅರ್ಧವೇ ಸಿಕ್ಕಿದಂತೆ ಎಂದು ನನ್ನ ಅನಿಸಿಕೆ.

ಈ ಆಟಿಕೆಯ ಮೂಲ ಡೆನ್ಮಾರ್ಕಿನ ಬಿಲುಂಡ್ ಎಂಬ ಸಣ್ಣ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ್ದರಿಂದ ಶುರುವಾದ ಕಂಪನಿ ಲೆಗೊ. ಇಟ್ಟಿಗೆಯ ನೆತ್ತಿಯ ಉಬ್ಬುಗಳನ್ನು ಮೇಲಿನ ಇಟ್ಟಿಗೆಯ ಒಳಗಿನ ಕೊಳವೆಗಳು ಬಿಗಿಯಾಗಿ ಹಿಡಿದುಕೊಳ್ಳುವ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಕೋರಿದ್ದು 1958ರ ಜನವರಿಯಲ್ಲಿ. ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್ ಎಂಬ ಲೆಕ್ಕ ಬದಲಾಗದ್ದರಿಂದ ಅಂದಿನ ಇಟ್ಟಿಗೆ ಇಂದಿನದರೊಂದಿಗೂ ಕೂಡಿಕೊಳ್ಳುತ್ತದೆ. 2007ರಲ್ಲಿ ‘ಕೆಫೆ ಕಾರ್ನರ್’ ಎಂಬ ಮೂಲೆ ಕಟ್ಟಡ ಬಂತು, ದೊಡ್ಡವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅಲ್ಲಿಂದ ಇಂಥ ಕಟ್ಟಡಗಳ ಸಾಲು ಬೆಳೆಯಿತು; ನಮ್ಮ ರೆಸ್ಟೋರೆಂಟೂ ಅದರದ್ದೇ. ಈ ಸಾಲಿನ ಕಟ್ಟಡಗಳಿಗೆ ಒಂದು ಕಟ್ಟುಪಾಡಿದೆ. ಅಡಿಪಾಯ ಸಾಮಾನ್ಯವಾಗಿ 32 ಉಬ್ಬುಗಳಗಲ, ಅಂದರೆ ಸುಮಾರು 25.6 ಸೆಂಟಿಮೀಟರ್. ಕಾಲುದಾರಿ ಒಂದೇ ಗೆರೆಯಲ್ಲಿ ಬರಬೇಕು. ಪಕ್ಕಪಕ್ಕದ ಅಡಿಪಾಯಗಳನ್ನು ಸಣ್ಣ ಪಿನ್ನು ಜೋಡಿಸುತ್ತದೆ. ಮುಂಗೋಡೆಗೆ ಇಷ್ಟೆಲ್ಲ ಸಿಂಗಾರ ಮಾಡಿದವರು ಪಕ್ಕದ ಗೋಡೆಯನ್ನು ಬಹುಮಟ್ಟಿಗೆ ಬೋಳಾಗಿಯೇ ಬಿಟ್ಟಿರುತ್ತಾರೆ, ನೆರೆಮನೆ ಬರಲಿದೆ ಅಂತ. ನನಗೆ ಆ ಬೋಳು ಗೋಡೆಯೂ ಇಷ್ಟ. ಕಪಾಟಿನಲ್ಲಿ ಒಂದೇ ಕಟ್ಟಡವಿದ್ದರೂ ಅದನ್ನು ಕಂಡಾಗ ಬೀದಿಯ ಉಳಿದ ಭಾಗ ಮನಸ್ಸಿನಲ್ಲಿ ತಾನಾಗಿ ಬೆಳೆಯುತ್ತದೆ.

ಒಳಗಿನದು ಬೇರೆಯೇ ಲೋಕ. ಮಹಡಿಗಳು ಒಂದೊಂದಾಗಿ ಎತ್ತಿಡುವಂತಿವೆ. ಮೇಲಿನ ಅಂತಸ್ತು ಚಿತ್ರಕಾರರ ಕೋಣೆ: ಚಿತ್ರದ ಚೌಕಟ್ಟು ನಿಲ್ಲಿಸುವ ಮುಕ್ಕಾಲಿ, ಕುಂಚ, ಚಳಿಗೆ ಬೆಂಕಿಗೂಡು. ಅದನ್ನು ಎರಡೂ ಕೈಯಿಂದ ಹಗುರವಾಗಿ ಎತ್ತಿ ಪಕ್ಕಕ್ಕಿಟ್ಟರೆ ಕೆಳಗೊಂದು ಸಣ್ಣ ಬಿಡಾರ. ಜಾಗ ಉಳಿಸಲು ಗೋಡೆಗೆ ಮಡಚಿದ ಹಾಸಿಗೆ, ಉಗುರಿನಿಂದ ಎಳೆದರೆ ಕೆಳಗಿಳಿಯುತ್ತದೆ. ಅದನ್ನೂ ಎತ್ತಿದರೆ ನೆಲಮಹಡಿಯ ನೀಲಿ ಬಿಳಿ ಅಡುಗೆಮನೆ ಪೂರ್ತಿ ತೆರೆದುಕೊಳ್ಳುತ್ತದೆ, ಒಲೆ, ಪಾತ್ರೆಗಳ ಸಮೇತ. ಮತ್ತೆ ಮುಚ್ಚಿದರೆ ಏನೂ ಕಾಣದು. ಆದರೂ ನನಗೆ ಗೊತ್ತಲ್ಲ! ಬೆಳಿಗ್ಗೆ ಪೇಪರ್ ತರಲು ಹೋಗುವಾಗ, ರಾತ್ರಿ ಬಾಗಿಲಿಗೆ ಚಿಲಕ ಹಾಕುವಾಗ ಅದರ ಮುಂದೆ ಹಾದುಹೋಗುತ್ತೇನೆ. ಆ ಮುಚ್ಚಿದ ಗೋಡೆಯ ಹಿಂದೆ ಹಾಸಿಗೆ ಮಡಚಿದೆ, ಮೇಲೆ ಚಿತ್ರ ಅರ್ಧಕ್ಕೆ ನಿಂತಿದೆ ಎಂಬುದು ನೆನಪಿಗೆ ಬರುತ್ತದೆ. ಗೋಡೆಗೆ ತೂಗುಹಾಕಿದ ಪಟದಿಂದ ನನಗೆ ಈ ಸುಖ ಸಿಕ್ಕಿಲ್ಲ. ಪಟದಲ್ಲಿರುವುದೆಲ್ಲ ಎದುರಿಗೇ ಇರುತ್ತದೆ.

ಗೊಂಬೆಗಳು ಐದು. ಎಲ್ಲರ ಮುಖದಲ್ಲೂ 1978ರಲ್ಲಿ ಲೆಗೊ ಗೊಂಬೆಗೆ ಕೊಟ್ಟ ಅದೇ ನಗು: ಎರಡು ಚುಕ್ಕಿ ಕಣ್ಣು, ಒಂದು ಬಾಗಿದ ಗೆರೆ. ಮನೆಯವರಲ್ಲಿ ಯಾರು ಯಾವಾಗ ಸರಿಸುತ್ತಾರೋ, ಈ ಗೊಂಬೆಗಳ ಜಾಗ ಬದಲಾಗುತ್ತಲೇ ಇರುತ್ತದೆ. ಅಡುಗೆಯವನು ಒಂದು ದಿನ ತಾರಸಿಯಲ್ಲಿ ಗಾಳಿ ಸೇವಿಸುತ್ತಿರುತ್ತಾನೆ. ಮರುದಿನ ಸ್ಕೂಟರ್ ಹತ್ತಿರ ನಿಂತಿರುತ್ತಾನೆ.

ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು, ಬಿಳಿ ತುಂಡುಗಳು ಹಳದಿಗೆ ತಿರುಗುತ್ತವೆ. ಧೂಳಿಗೆ ಮೇಕಪ್ಪಿನ ಮೆತ್ತನೆ ಬ್ರಷ್ ಸಾಕು. ಬೆಂಗಳೂರಿನ ಧೂಳಿಗೆ ಬಟ್ಟೆ ಹಿಡಿದು ಒರೆಸಹೊರಟರೆ ಉಬ್ಬುಗಳ ಸಂದಿನಲ್ಲಿ ಅದು ಇನ್ನಷ್ಟು ಕೂರುತ್ತದೆ. ಸಂಜೆ ಹಜಾರದ ದೊಡ್ಡ ದೀಪ ಆರಿಸಿ, ಕಪಾಟಿನ ಪಕ್ಕದ ಓದುವ ದೀಪ ಹಾಕಿ ನೋಡಿ. ಬೆಳಕು ಓರೆಯಾಗಿ ಬಿದ್ದಾಗ ಕ್ರೋಸಾಂಗಳ ನೆರಳು ಗೋಡೆಯ ಮೇಲೆ ಉದ್ದಕ್ಕೆ ಇಳಿಯುತ್ತದೆ, ಚಪ್ಪಟೆ ಅಂದುಕೊಂಡ ಜಾಗದಲ್ಲೂ ಆಳ ಕಾಣುತ್ತದೆ.

ನವರಾತ್ರಿಗೆ ಕಟ್ಟಡ ಕಪಾಟಿನಿಂದ ಇಳಿದು ಗೊಂಬೆ ಕೂರಿಸುವ ಕಡೆಗೆ ಹೋಗುತ್ತದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಅಕ್ಕಿ ಬೇಳೆ ಮುಂದಿಟ್ಟುಕೊಂಡ ಶೆಟ್ಟರು, ಶೆಟ್ಟಮ್ಮ, ಅದರ ಮುಂದೆ ರಾಗಿ ಮೊಳಕೆಯ ಪಾರ್ಕು. ಈ ಹೋಟೆಲನ್ನು ಎಲ್ಲಿಡುವುದು ಅಂತ ತಂಗಿಯ ಮಗಳು ಕೇಳಿದಾಗ ಅಮ್ಮನ ಉತ್ತರ ಸಿದ್ಧವಾಗಿತ್ತು: “ಶೆಟ್ಟರ ಅಂಗಡಿ ಪಕ್ಕಾನೇ ಇಡು ಪುಟ್ಟಿ. ಹೋಟ್ಲಿಗೆ ಸಾಮಾನು ತರೋಕೆ ಹತ್ತಿರ ಆಗತ್ತೆ.”

“ಶೆಟ್ಟರು ಬಾಗಿಲಲ್ಲಿ ಹಿಡಿಸಲ್ಲ ಅಜ್ಜಿ, ಎಷ್ಟು ದಪ್ಪ ಇದ್ದಾರೆ!”

“ಹಿಡಿಸದಿದ್ರೆ ಏನಂತೆ, ಹೊರಗಡೆ ಟೇಬಲ್ ಹಾಕು.”

ತಾರಸಿಯ ಮೇಜು ಕೆಳಗಿಳಿಯಿತು, ಶೆಟ್ಟರ ಮುಂದೆ ಕೂತಿತು. ಪರಿಚಾರಕ ಅವರ ಮೊಣಕಾಲೆತ್ತರಕ್ಕೆ ನಗುತ್ತ ನಿಂತ. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರು ಬಗ್ಗಿ ಬಗ್ಗಿ ನೋಡಿದರು. ಒಬ್ಬರು ಕುತೂಹಲಕ್ಕೆ ಗೋಡೆಗೆ ಕೈ ಹಾಕಿದಾಗ ಪುಟ್ಟಿ ಓಡಿಬಂದು, “ಮೇಲಿಂದ ತೆಗೀಬೇಕು ಆಂಟಿ, ಇರಿ, ನಾನು ತೋರಿಸ್ತೀನಿ” ಎಂದು ಚಿತ್ರಕಾರರ ಕೋಣೆಯನ್ನು ಎರಡೂ ಕೈಯಲ್ಲಿ ಎತ್ತಿದಳು.